ಇಪ್ಪತ್ತೊಂದು ಸೆಕೆಂಡು

"ಇನ್ನೊಂದ್ ಸುತ್ತು ಬಿಗಿಯಾಗಿ ಸುತ್ತಪ್ಪ ಆ ದಾರವ. ಈ ಮನುಸನ ಕಾಲು ಸುಮ್ಕೆ ಇರೋ ಕಾಲಲ್ಲ," ಎಂದು ಜಗುಲಿಯ ಮೇಲಿಂದ ನರಸಯ್ಯ ಹೇಳಿದಾಗ ಮಮತಾ ಅಂಗಳದ ಮೂಲೆಯಲ್ಲಿ ಚಪ್ಪಲಿ ಬಿಡುತ್ತಿದ್ದಳು. ಕೈಯಲ್ಲಿ ಹಾರೋಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಸುಗಂಧರಾಜದ ಹಾರವಿತ್ತು. ಅದಕ್ಕೆ ಸಿಕ್ಕಿಸಲೆಂದು ಕಂಪನಿಯವರು ಕೊಟ್ಟು ಕಳಿಸಿದ್ದ ರಿಬ್ಬನ್ನಿನ ಮೇಲೆ ಪುಟ್ಟಲಿಂಗಪ್ಪ ಎಂದು ಅಚ್ಚಾಗಿತ್ತು. ಸತ್ತವನ ಹೆಸರು ಪುಟ್ಟಲಿಂಗಯ್ಯ. ರಿಬ್ಬನ್ನನ್ನು ಮಡಿಸಿ ಅವಳು ಬ್ಯಾಗಿನೊಳಗೆ ಹಾಕಿಕೊಂಡಿದ್ದಳು.

ತೆಂಗಿನ ಗರಿಯ ಚಪ್ಪರದ ಕೆಳಗೆ ಬೆಂಚಿನ ಮೇಲೆ ಪುಟ್ಟಲಿಂಗಯ್ಯ ಮಲಗಿದ್ದ. ಪಕ್ಕದ ಮನೆಯ ಗಂಗರಾಜು ಎರಡೂ ಕಾಲಿನ ಹೆಬ್ಬೆರಳು ಜೋಡಿಸಿ ದಾರ ಸುತ್ತುತ್ತಿದ್ದ.

"ಎಷ್ಟು ಅಂತ ಸುತ್ತೋದು ನರಸಯ್ಯಣ್ಣ, ಬೆರಳೇ ಕಾಣದಂಗೆ ಆಗೈತೆ."

"ಕಡೇ ಮೂರು ದಿನ ಒದ್ದಾಡ್ತಲ್ಲ ಆ ಬಲಗಾಲು, ನೀನೇ ನೋಡಿದ್ಯಲ್ಲ. ಏನೋ ಆಸೆ ಉಳ್ಕಂಡೈತೆ. ಇಂಥೋರ ದಾರವ ಗುಂಡಿತಾವ ಬಿಚ್ಚಬಾರ್ದು. ಹಂಗೇ ಮಣ್ಣು ಮಾಡಿ, ಬಂದು ಹೊಸ್ಲಿಗೆ ಮೊಳೆ ಹೊಡೀಬೇಕು. ಇಲ್ದಿದ್ರೆ ತಿರುಗಿ ಬತ್ತಾನೆ."

"ಬರ್ಲಿ ಬುಡು. ಅವನ ಮನೆ ಅಲ್ವಾ," ಎಂದಳು ಹೆಣದ ತಲೆಯ ಬಳಿ ಕೂತಿದ್ದ ತಿಮ್ಮಮ್ಮ. ಸತ್ತವನ ಅಕ್ಕ ಅವಳು. ದನಿಯಲ್ಲಿ ತ್ರಾಣವಿರಲಿಲ್ಲ.

"ಅಕ್ಕ ತಂಗಿ ಅಂತ ನೋಡಾಕಾಯ್ತದಾ? ಹಳಬರು ಮಾಡಿಟ್ಟಿದ್ದು," ಎಂದ ನರಸಯ್ಯ. ಅಂಗಿಯ ಜೇಬಿನಿಂದ ಮೂರಿಂಚಿನ ಒಂದು ಮೊಳೆ ತೆಗೆದು ತೋರಿಸಿ ಮತ್ತೆ ಒಳಗಿಟ್ಟುಕೊಂಡ. ಊರಿನ ಸಾವುಗಳಿಗೆಲ್ಲ ಅವನೇ ಮೇಸ್ತ್ರಿ. ದಾರ ಬಿಚ್ಚಿದರೆ ಹೋದವರು ನಡೆದುಕೊಂಡು ಹೋಗುತ್ತಾರೆ, ಆಸೆ ಉಳಿದವರ ದಾರ ಬಿಚ್ಚಿದರೆ ಮನೆಗೇ ನಡೆದು ಬರುತ್ತಾರೆ. ಅದು ಅವನ ಲೆಕ್ಕಾಚಾರ. ಅದಕ್ಕೆ ಎದುರಾಡುವವರು ಅಲ್ಲಿ ಯಾರೂ ಇರಲಿಲ್ಲ.

ಮಮತಾ ಹಾರ ಹಾಕಿ ಹಿಂದೆ ಸರಿದಳು. ಒಂಬತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದ್ದರೂ ಆತನ ಮುಖವನ್ನು ಎದುರಿನಿಂದ ಇಷ್ಟು ಹೊತ್ತು ಅವಳು ನೋಡಿರಲೇ ಇಲ್ಲ. ಅವಳಿಗೆ ಗೊತ್ತಿದ್ದದ್ದು ಗಾಜಿನಾಚೆಯ ಬಲಗಿವಿ, ನರೆತ ಕತ್ತು, ಆಮೇಲೆ ಆ ದನಿ. ಮೂಗಿನ ಎಡಗಡೆ ಒಂದು ಮಚ್ಚೆಯಿತ್ತು. ಅದು ಅವಳಿಗೆ ಹೊಸದು.

"ನೀವು ಯಾರು ಅಂತ ಗೊತ್ತಾಗ್ಲಿಲ್ಲ," ಎಂದು ಹತ್ತಿರ ಬಂದವಳು ತಿಮ್ಮಮ್ಮನ ಮಗಳು ನಯನ. ಚನ್ನಪಟ್ಟಣದ ಒಂದು ಶಾಲೆಯಲ್ಲಿ ಟೀಚರು.

"ಮಮತಾ ಅಂತ. ಬೆಳಿಗ್ಗೆ ನೀವೇ ಫೋನ್ ಮಾಡಿದ್ರಲ್ಲ."

"ಓ, ಮೈಕ್ ಮಮತಾ. ಮಾವನ ಫೋನಲ್ಲಿ ಹಂಗೇ ಇತ್ತು. ನಾವು ಮೈಕ್‌ಸೆಟ್ ಬಾಡಿಗೆಗೆ ಕೊಡೋರು ಅಂದ್ಕೊಂಡ್ವಿ. ಭಜನೆಯೋರು ಬತ್ತಾರಲ್ಲ, ಬೇಕಾಯ್ತದೆ ಅಂತ್ಲೇ ಮಾಡಿದ್ದು." ನಯನಳ ತುಟಿಯಲ್ಲಿ ಬಂದ ನಗು ಅಲ್ಲೇ ಆರಿತು. "ನೀವು ಆ ಕಡೆ ಅತ್ತಾಗ್ಲೇ ಗೊತ್ತಾಗಿದ್ದು, ಅಲ್ಲ ಅಂತ."

ಕಂಪನಿಯವಳೆಂದು ತಿಳಿದು ಗಂಗರಾಜು ಕೈ ಒರೆಸಿಕೊಂಡು ಬಂದ. ಗುಡೇಮಾರನಹಳ್ಳಿಯ ನೆಂಟರು ಬರುವವರೆಗೆ ಹೆಣ ಎತ್ತುವಂತಿರಲಿಲ್ಲ. ಎಲ್ಲರಿಗೂ ಕಾಯುವುದೇ ಕೆಲಸವಾಗಿತ್ತು.

"ಒಂದ್ ಮಾತು ಕೇಳ್ಬೇಕಿತ್ತು ಮೇಡಮ್. ನಂದು ಡೀಸೆಲ್ ಕಾರು. ತಗಳ್ಳುವಾಗ ಲೀಟ್ರಿಗೆ ಇಪ್ಪತ್ನಾಲ್ಕು ಅಂದ್ರು. ಕನಕಪುರಕ್ಕೆ ಹೋಗಿ ಬಂದ್ರೆ ಹದಿನೇಳು ದಾಟಾಕಿಲ್ಲ. ಆ ಇಪ್ಪತ್ನಾಲ್ಕು ಎಲ್ಲಿ ಸಿಗ್ತದೆ?"

"ಹೆಣದ ಮುಂದೆ ಮೈಲೇಜ್ ಕೇಳ್ತಿಯಲ್ಲೋ," ಎಂದ ನರಸಯ್ಯ.

"ಅಣ್ಣ ಬದುಕಿದ್ದಾಗ್ಲೂ ಇದನ್ನೇ ಕೇಳ್ತಿದ್ದೆ ಕಣಣ್ಣ. 'ಕಾರು ಸರಿಯಾಗೈತೆ ಗಂಗ, ನಿನ್ನ ಕಾಲು ಸರಿ ಇಲ್ಲ' ಅನ್ನೋನು." ಗಂಗರಾಜು ಮಮತಾಳ ಕಡೆ ತಿರುಗಿದ. "ಅವನ ಕಾಲೇ ಕಾಲು ಬುಡಿ ಮೇಡಮ್. ಸೋಮವಾರ ಹಾಸನ, ಮಂಗಳವಾರ ಶಿರಾ. ಬೆಳಿಗ್ಗೆ ಬಸ್ಸತ್ತಿ ಕಂಪ್ನಿಗೆ ಹೋದೋನು, ಅಷ್ಟು ದೂರ ಕಾರು ಟೆಸ್ಟ್ ಮಾಡ್ಕಂಡು ಸಂಜೆ ಏಳಕ್ಕೆ ಮನೇಲಿರೋನು. ಮದ್ದೂರು ಮೇಲೆ ಬಂದೆ ಅಂತ ವಡೆ ತರೋನು. ಅದು ಇನ್ನೂ ಬೆಚ್ಚಗಿರೋದು. ಅದೇನ್ ಓಡ್ಸೋನೋ."

ಮಮತಾಳ ಕೈ ಚಪ್ಪರದ ಗಳದ ಮೇಲೆ ನಿಂತಿತು. ಹಾರೋಹಳ್ಳಿ ಸರ್ಕಲ್ಲಿನಲ್ಲಿ ವಡೆ ಗಾಡಿ ಇದೆ. ಸಂಜೆ ಆರಕ್ಕೆ ಬಾಣಲೆ ಇಡುತ್ತಾರೆ.

"ತಲಕಾಡು ಬುಟ್ಯಲ್ಲ," ಎಂದ ನರಸಯ್ಯ. "ಕೊಳ್ಳೇಗಾಲ, ಹಿರಿಯೂರು. ಪಾವಗಡದ ತಾವ ಎಮ್ಮೆ ಅಡ್ಡ ಬಂದು, ಬ್ರೇಕ್ ಹಾಕಿ, ಆ ಎಮ್ಮೆಯೋನು ಇವನ್ನೇ ಬೈದಿದ್ದು. ಎಷ್ಟು ಸಲ ಯೋಳವ್ನೆ ಅದ."

ಪಾವಗಡದ ಎಮ್ಮೆ. ಆ ಎಮ್ಮೆಯನ್ನು ರಸ್ತೆಗೆ ಬಿಟ್ಟವಳು ಮಮತಾ. ಹಾಸನ, ಶಿರಾ, ತಲಕಾಡು, ಒಂದೊಂದೂ ಅವಳ ಬಾಯಿಂದ ಬಂದದ್ದು. ಅದು ಇಬ್ಬರ ಆಟ ಎಂದುಕೊಂಡಿದ್ದಳು. ಆತ ಅದನ್ನು ಸಂಜೆ ಮನೆಗೆ ಒಯ್ಯುತ್ತಿದ್ದ ಎಂಬುದು ಅವಳಿಗೆ ಈಗ ಗೊತ್ತಾಯಿತು.

* * *

ಆ ಕೋಣೆಗೆ ಕಿಟಕಿ ಇರಲಿಲ್ಲ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಟ್ಟಕಡೆಯ ರಸ್ತೆಯಲ್ಲಿ, ಹೊಸ ಡೀಸೆಲ್ ಕಾರುಗಳು ಎಷ್ಟು ಹೊಗೆ ಉಗುಳುತ್ತವೆ, ಎಷ್ಟು ಎಣ್ಣೆ ಕುಡಿಯುತ್ತವೆ ಎಂದು ನೋಡುವ ಕೇಂದ್ರ ಅದು. ಸಂಜೆ ಕಾರನ್ನು ತಂದು ನಿಲ್ಲಿಸಿದರೆ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ. ಎಂಜಿನ್ನು ಪೂರ್ತಿ ತಣ್ಣಗಾಗಬೇಕು. ಬೆಳಿಗ್ಗೆ ಅದನ್ನು ಶುರು ಮಾಡದೆ ಕೈಯಲ್ಲೇ ತಳ್ಳಿಕೊಂಡು ಬಂದು, ನೆಲದಲ್ಲಿ ಹುದುಗಿಸಿದ ಉಕ್ಕಿನ ಉರುಳೆಯ ಮೇಲೆ ಗಾಲಿ ಕೂರಿಸಿ, ಉಣ್ಣೆ ಕತ್ತರಿಸಲು ಕುರಿಯನ್ನು ಕಟ್ಟುವಂತೆ ಹಿಂದೆ ಮುಂದೆ ಪಟ್ಟಿ ಬಿಗಿಯುತ್ತಿದ್ದರು. ಹೊಗೆಯ ಬಾಯಿಗೆ ಒಂದು ದಪ್ಪ ಕೊಳವೆ. ಮುಂದೆ ಗಾಳಿಗೆಂದು ಆಳೆತ್ತರದ ಫ್ಯಾನು. ಆಮೇಲೆ ಪುಟ್ಟಲಿಂಗಯ್ಯ ಒಳಗೆ ಕೂತು ಓಡಿಸುತ್ತಿದ್ದ. ಗಾಲಿ ತಿರುಗುತ್ತಿತ್ತು, ಉರುಳೆ ತಿರುಗುತ್ತಿತ್ತು, ಕಾರು ಇದ್ದಲ್ಲೇ ಇರುತ್ತಿತ್ತು.

ಆತನ ಎದುರಿನ ಪರದೆಯಲ್ಲಿ ಒಂದು ಗೆರೆ. ಗೆರೆ ಏರಿದರೆ ವೇಗ ಏರಬೇಕು, ಇಳಿದರೆ ಇಳಿಯಬೇಕು, ನೆಲಕ್ಕಂಟಿದರೆ ನಿಲ್ಲಬೇಕು. ಆತನ ಕಾಲು ಆ ಗೆರೆಯ ಮೇಲೆ ಒಂದು ಚುಕ್ಕೆಯಾಗಿ ಓಡುತ್ತಿತ್ತು. ವೇಗ ಗಂಟೆಗೆ ಎರಡು ಕಿಲೋಮೀಟರಿನಷ್ಟು ಆಚೀಚೆಯಾದರೆ ಚುಕ್ಕೆ ಕೆಂಪಾಗುತ್ತದೆ, ಪರೀಕ್ಷೆ ಕೆಡುತ್ತದೆ. ಹತ್ತೊಂಬತ್ತು ನಿಮಿಷ ನಲವತ್ತು ಸೆಕೆಂಡು. ಹೆಚ್ಚುಕಮ್ಮಿ ಹನ್ನೊಂದು ಕಿಲೋಮೀಟರು. "ನಮ್ಮ ಮರಳವಾಡಿಗೆ ಹೋದಷ್ಟಾಯ್ತು ನೋಡು," ಅನ್ನುತ್ತಿದ್ದ. ಎಂತೆಂಥ ಚಾಲಕರು ಬಂದು ಬೆವತು ಹೋದರೂ ಪುಟ್ಟಲಿಂಗಯ್ಯನ ಚುಕ್ಕೆ ಕೆಂಪಾಗಿರಲಿಲ್ಲ.

ಮಮತಾ ಗಾಜಿನ ಈಚೆ, ಯಂತ್ರಗಳ ಮುಂದೆ. ಇಬ್ಬರ ನಡುವೆ ಒಂದು ಮೈಕು. ಗೆರೆ ಏರಿಳಿಯುವಾಗ ಚಾಲಕನನ್ನು ಮಾತಾಡಿಸುವಂತಿಲ್ಲ. ಆದರೆ ಪಟ್ಟಣದ ಓಡಾಟದಂತೆ ಮಾಡಿದ ಆ ಗೆರೆ ನಡುನಡುವೆ ಸಿಗ್ನಲ್ಲಿನಲ್ಲಿ ನಿಂತಂತೆ ನಿಲ್ಲುತ್ತಿತ್ತು, ಒಂದೊಂದು ಸಲಕ್ಕೆ ಇಪ್ಪತ್ತೊಂದು ಸೆಕೆಂಡು. ಮಾತೆಲ್ಲ ಆಗಲೇ.

ಮೊದಲ ದಿನ ಹೆದರಿ ಕೂತಿದ್ದವಳ ಕಿವಿಗೆ ಆ ದನಿ ಬಂದಿತ್ತು. "ಇವತ್ತು ಯಾವೂರಿಗವ್ವ?"

"ಸರ್?"

"ಇಷ್ಟು ಓಡ್ಸೋನಿಗೆ ಒಂದು ಊರು ಬ್ಯಾಡ್ವಾ?"

ಬೆಳಿಗ್ಗೆ ಬಸ್ಸಿನ ಬೋರ್ಡಿನಲ್ಲಿ ಓದಿದ್ದು ನೆನಪಾಗಿ, "ಕೊಳ್ಳೇಗಾಲ," ಎಂದಿದ್ದಳು. ಮುಂದಿನ ನಿಲುಗಡೆಯಲ್ಲಿ ಆತ, "ಮಳವಳ್ಳಿ ಬಂತು. ಕಬ್ಬಿನ ಗಾಡಿ ಅಡ್ಡ ನಿಂತೈತೆ," ಎಂದಿದ್ದ.

ಅಲ್ಲಿಂದ ದಿನವೂ ಕನಕಪುರದಿಂದ ಬರುವಾಗ ಅವಳು ಎದುರು ಬರುವ ಬಸ್ಸುಗಳ ಬೋರ್ಡು ಓದಿಕೊಂಡು ಬರತೊಡಗಿದಳು. ಅವು ಮುಗಿದ ಮೇಲೆ ನಕ್ಷೆ ನೋಡಿ ಹೇಳಿದಳು. ಆ ಊರುಗಳಲ್ಲಿ ಮುಕ್ಕಾಲನ್ನು ಅವಳೂ ಕಂಡಿರಲಿಲ್ಲ. ಅವಳ ಗಂಡ ಬಿಟ್ಟು ಹೋದ ವರ್ಷ ಆ ಸುದ್ದಿಯನ್ನೂ ಅವಳು ಹೇಳಿದ್ದು ಆ ಮೈಕಿನಲ್ಲೇ. ಹೇಳಿ ಮುಗಿಸಲು ಮೂರು ದಿನ ಹಿಡಿಯಿತು. ಪುಟ್ಟಲಿಂಗಯ್ಯ ಸಮಾಧಾನದ ಒಂದು ಮಾತೂ ಆಡಲಿಲ್ಲ. ನಾಲ್ಕನೆಯ ದಿನ, "ಇವತ್ತು ಒಸಿ ದೂರದ ಊರೇ ಹೇಳವ್ವ," ಎಂದ. ಅವಳು ಹೊಸಪೇಟೆ ಎಂದಳು.

ಹೊರಗೆ ಕ್ಯಾಂಟೀನಿನಲ್ಲಿ ಎದುರಾದರೆ ಇಬ್ಬರಿಗೂ ಮಾತು ತೋಚುತ್ತಿರಲಿಲ್ಲ. ಆತ ಸೆಕ್ಯುರಿಟಿಯವರ ಜೊತೆ ಕೂತು ಮುದ್ದೆ ಉಣ್ಣುತ್ತಿದ್ದ. ಅವಳು ತಟ್ಟೆ ಹಿಡಿದು ಇನ್ನೊಂದು ಮೂಲೆಗೆ ಹೋಗುತ್ತಿದ್ದಳು.

* * *

"ನೀನು ಅವನ ಜೊತೇಲಿದ್ದೋಳಂತೆ. ಬಾ ಇಲ್ಲಿ, ಕೂತ್ಕ," ಎಂದು ತಿಮ್ಮಮ್ಮ ಚಾಪೆಯ ಮೇಲೆ ಜಾಗ ಮಾಡಿದಳು. ಭಜನೆಯವರು ತಾಳ ತಟ್ಟಲು ಶುರು ಮಾಡಿದ್ದರಿಂದ ಅವಳ ಮಾತು ಪಕ್ಕದಲ್ಲಿ ಕೂತವಳಿಗೆ ಮಾತ್ರ ಕೇಳುತ್ತಿತ್ತು.

"ಅವನು ನಿನ್ನ ತಾವ ಏನಾರ ಯೋಳ್ಕಂಡಿದ್ನಾ? ನನ್ ಬಗ್ಗೆ?"

"ಏನಂತ ಅಕ್ಕ?"

"ಏನಾದ್ರೂ." ತಿಮ್ಮಮ್ಮ ತಮ್ಮನ ಹಣೆಯ ಮೇಲಿನ ನೊಣ ಓಡಿಸಿದಳು. "ಇಪ್ಪತ್ತರಲ್ಲೇ ಲಾರಿ ಹತ್ತಿದೋನು ಕಣವ್ವ ಇವನು. ಬೊಂಬಾಯಿ ಅನ್ನೋನು, ನಾಗಪುರ ಅನ್ನೋನು. ನನ್ನ ಗಂಡ ಸತ್ತಾಗ ಈ ನಯನಂಗೆ ಎಂಟು ತಿಂಗಳು. ಮನೇಲಿ ನಲವತ್ತು ಕುರಿ, ಮೇಯಿಸೋರಿಲ್ಲ. ಬಾರಪ್ಪ ಅಂತ ಕಾಗದ ಬರೆಸ್ದೆ. ಬಂದ. ಮತ್ತೆ ಲಾರಿ ಹತ್ಲಿಲ್ಲ. ಮದ್ವೆ ಆಗ್ಲಿಲ್ಲ. ಒಂದಿನಾನೂ ನನ್ನ ಏನೂ ಅನ್ಲಿಲ್ಲ. ಅನ್ಲಿಲ್ವಲ್ಲ, ಅದೇ."

ತಿಮ್ಮಮ್ಮ ತಮ್ಮನ ಎದೆಯ ಮೇಲಿನ ಹಾರ ಸರಿಮಾಡಿದಳು.

"ಆಮೇಲೆ ಈ ಕಂಪ್ನಿ ಸಿಕ್ತು. ಊರೂರು ಸುತ್ತಿ ಬರೋನು. ಸದ್ಯ, ಇಷ್ಟಾದ್ರೂ ಸುತ್ತಾಡ್ತಾವ್ನೆ ಅಂತ ನಂಗೆ ಸಮಾಧಾನ ಆಗಿತ್ತು. ಆದ್ರೆ ಮಲಗಿದ ಮೇಲೆ ನೋಡಿದ್ನಲ್ಲ. ಮಾತಿಲ್ಲ, ಕಣ್ಣು ಬಿಡ್ತಿಲ್ಲ, ಆ ಕಾಲು ಮಾತ್ರ ಒದೀತಾನೇ ಐತೆ. ಈ ಮನೆ ಬುಟ್ಟು ಹೋಗಾಕೆ ಒದ್ದಾಡ್ತಾವ್ನೆ. ನರಸಯ್ಯ ಈಗ ಮೊಳೆ ಅಂತಾನೆ. ಮೊಳೆ ನಾನು ಯಾವತ್ತೋ ಹೊಡೆದಾಗೈತೆ ಕಣವ್ವ, ಮೂವತ್ತೆರಡು ವರ್ಷದ ಹಿಂದೆ."

ಮಮತಾ ಹೆಣದ ಕಾಲಿನ ಕಡೆ ನೋಡಿದಳು. ದಾರದ ಸುತ್ತುಗಳೊಳಗೆ ಬೆರಳು ಮುಚ್ಚಿಹೋಗಿತ್ತು.

"ಕಾಲು ಹೆಂಗೆ ಆಡಿಸ್ತಿದ್ರು ಅಕ್ಕ? ಒಸಿ ತೋರಿಸ್ತೀರಾ?"

ತಿಮ್ಮಮ್ಮ ವಿಚಿತ್ರವಾಗಿ ನೋಡಿದಳು. ಆಮೇಲೆ ಮಮತಾಳ ಮಂಡಿಯ ಮೇಲೆ ತನ್ನ ಅಂಗೈ ಇಟ್ಟು ಮೆಲ್ಲಗೆ ಒತ್ತಿದಳು. ಒದೆಯಲ್ಲ ಅದು. ಒತ್ತಿ, ಹಾಗೇ ಹಿಡಿದು, ಸಡಿಲ ಬಿಟ್ಟಳು. ಕೈ ಸುಮ್ಮನಾಯಿತು. ಮತ್ತೆ ಒತ್ತಿದಳು, ಈ ಸಲ ಇನ್ನೂ ನಿಧಾನ, ಇನ್ನೂ ಹೆಚ್ಚು ಹೊತ್ತು. ಸಡಿಲ. ಮತ್ತೆ ಸುಮ್ಮನೆ. ಕಡೆಯ ಮೂರು ದಿನ ಪಕ್ಕದಲ್ಲಿ ಕೂತು ಆ ಕಾಲಿಗೆ ಎಣ್ಣೆ ತಿಕ್ಕಿದ ಕೈ ಅದು. ಅದರೊಳಗೆ ಎಲ್ಲ ಉಳಿದಿತ್ತು. ಮಮತಾ ಗಡಿಯಾರ ನೋಡಲಿಲ್ಲ. ಪರದೆಯ ಗೆರೆಯಲ್ಲಿರುವಂತೆ ಮೂರನೆಯ ಒತ್ತು ಎಲ್ಲಕ್ಕಿಂತ ಉದ್ದವಾಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಾಗೆಯೇ ಬಂತು.

"ಹಿಂಗೆ," ಎಂದಳು ತಿಮ್ಮಮ್ಮ. "ಕಾಲು ನಿಂತಾಗ ತುಟಿ ಅಲ್ಲಾಡೋದು. ಏನೋ ಅನ್ನೋನು, ಕೇಳ್ತಿರ್ಲಿಲ್ಲ. ಕಿವಿ ಮಡಗಿ ಕೂತ್ಕಂಡೆ. ಒಂದಕ್ಸರ ಗೊತ್ತಾಗ್ಲಿಲ್ಲ. ಮತ್ತೆ ಕಾಲು ಶುರು ಆದೇಟ್ಗೆ ಬಾಯಿ ಮುಚ್ಚೋನು."

ಮಮತಾ ಸೆರಗು ಬಾಯಿಗೊತ್ತಿಕೊಂಡಳು.

* * *

ಮೂರು ವಾರದ ಹಿಂದಿನ ಮಂಗಳವಾರ ಅವಳು ಕೊಟ್ಟ ಊರು ತಿಪಟೂರು. ಮೂರನೆಯ ಸುತ್ತಿನಲ್ಲಿ ಗೆರೆ ಐವತ್ತಕ್ಕೆ ಏರುವಾಗ ಚುಕ್ಕೆ ಅದರ ಜೊತೆ ಏರಲಿಲ್ಲ. ಕೆಳಗೇ ಉಳಿದು ಕೆಂಪಾಯಿತು. ಮೂರು ಸೆಕೆಂಡಾದ ಮೇಲೆ ಗಾಬರಿಯಾದಂತೆ ಜಿಗಿದು ಗೆರೆಯನ್ನು ದಾಟಿ ಹೋಯಿತು.

"ಏನ್ ಲಿಂಗಣ್ಣ, ನಿದ್ದೆನಾ?" ಎಂದಳು ಮೈಕಿನಲ್ಲಿ.

ಉತ್ತರ ತಡವಾಗಿ ಬಂತು. "ಇಲ್ಲ ಕಣವ್ವ. ಕಾಲು ಎಲ್ಲೈತೆ ಅಂತ ಒಂದ್ ಗಳಿಗೆ ಗೊತ್ತಾಗ್ಲಿಲ್ಲ."

ಅವಳು ಆ ಮಾತಿಗೆ ನಕ್ಕಳು. ಪರೀಕ್ಷೆ ರದ್ದಾಯಿತು. ಕಾರಣ ಬರೆಯುವ ಜಾಗದಲ್ಲಿ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಚಾಲಕನ ತಪ್ಪು ಎಂದು ಬರೆದಳು. ಪುಟ್ಟಲಿಂಗಯ್ಯ ಕಾರಿನಿಂದಿಳಿದು ಗಾಜಿನ ಹತ್ತಿರ ಬಂದು, ಎಂದೂ ಹಾಗೆ ಬಂದವನಲ್ಲ, "ತಿಪಟೂರು ತಪ್ಪೋಯ್ತು," ಎಂದ. ಮೈಕು ಆರಿತ್ತು, ತುಟಿ ಓದಿ ತಿಳಿದುಕೊಂಡಳು.

ಮರುದಿನ ಬೆಳಿಗ್ಗೆ ಕುರಿದೊಡ್ಡಿಯ ಬಾಗಿಲಲ್ಲಿ ಬಿದ್ದ. ಪಾರ್ಶ್ವವಾಯು ಎಂದರು. ಕಂಪನಿಯಲ್ಲಿ ಆ ಸೀಟಿಗೆ ಪೆಡಲು ಒತ್ತುವ ಯಂತ್ರವೊಂದನ್ನು ತಂದು ಕೂರಿಸಿದರು. ಅದರ ಚುಕ್ಕೆ ಒಂದಿಷ್ಟೂ ಅಲುಗುವುದಿಲ್ಲ. ಇಪ್ಪತ್ತೊಂದು ಸೆಕೆಂಡು ಬಂದಾಗ ಮಮತಾ ಈಗಲೂ ಮೈಕಿನ ಗುಂಡಿಯ ಮೇಲೆ ಬೆರಳಿಡುತ್ತಿದ್ದಳು, ತೆಗೆಯುತ್ತಿದ್ದಳು.

* * *

"ಬಂದ್ರು, ಗುಡೇಮಾರನಹಳ್ಳಿಯೋರು ಬಂದ್ರು," ಎಂದು ಯಾರೋ ಅಂದರು. ಗಂಡಸರು ಎದ್ದು ಪಂಚೆ ಕೊಡವಿಕೊಂಡರು. ನರಸಯ್ಯ ಜೇಬು ಮುಟ್ಟಿ ನೋಡಿಕೊಂಡ.

ಹೇಳಿದರೆ ಹಾಸನ ಹೋಗುತ್ತದೆ, ತಲಕಾಡು ಹೋಗುತ್ತದೆ, ಈ ಮುದುಕಿ ಹಿಡಿದುಕೊಂಡಿದ್ದ ಸಮಾಧಾನವೆಲ್ಲ ಹೋಗುತ್ತದೆ. ಹೇಳದಿದ್ದರೆ ಹೊಸಿಲಿಗೆ ಮೊಳೆ ಬೀಳುತ್ತದೆ. ಮಮತಾ ತಿಮ್ಮಮ್ಮನ ಕಿವಿಯ ಹತ್ತಿರ ಬಾಗಿದಳು.

"ಅವರು ಎಲ್ಲಿಗೂ ಹೋಗ್ತಿರ್ಲಿಲ್ಲ ಅಕ್ಕ. ಅದು ಒದ್ದಾಟ ಅಲ್ಲ. ಕೆಲಸ ಮಾಡ್ತಿದ್ರು."

ತಿಮ್ಮಮ್ಮ ತಿರುಗಿ ನೋಡಿದಳು.

ಮಮತಾ ಹೇಳಿದಳು. ಕಿಟಕಿಯಿಲ್ಲದ ಕೋಣೆ, ಉರುಳೆ, ಕಟ್ಟಿಹಾಕಿದ ಕಾರು, ಗೆರೆ. ಕಾಲು ನಿಂತಾಗ ತಾವಿಬ್ಬರೂ ಮಾತಾಡುತ್ತಿದ್ದದ್ದು. "ಊರಿನ ಹೆಸರೆಲ್ಲ ನಾನು ಹೇಳ್ತಿದ್ದದ್ದು ಅಕ್ಕ. ತಮಾಷೆಗೆ. ನೀವು ನಂಬಿದ್ರಿ ಅಂತ ನಂಗೆ ಗೊತ್ತಿರ್ಲಿಲ್ಲ."

"ಎಮ್ಮೆ?"

"ಎಮ್ಮೇನೂ."

ತಿಮ್ಮಮ್ಮ ತಮ್ಮನ ಮುಖದ ಕಡೆ ತಿರುಗಿದಳು. ಅಳು ಬರುತ್ತದೆ ಎಂದು ಮಮತಾ ಕಾದಳು, ಬರಲಿಲ್ಲ.

"ಅವನ ಅಂಗಿ ಒಗೆಯೋಳು ನಾನಲ್ವಾ ತಾಯಿ," ಎಂದಳು. "ಒಂದು ಸಂಜೆನಾದ್ರೂ ಕಾಲರ್‌ನಲ್ಲಿ ಧೂಳಿರ್ಬ್ಯಾಡ್ವಾ? ಕಾರಲ್ವಾ, ಗಾಜು ಏರಿಸ್ಕಂಡಿರ್ತಾನೆ ಅಂತ ನಾನೇ ನಂಗೆ ಯೋಳ್ಕತಿದ್ದೆ. ಬೀಳೋ ಮುಂಚಿನ ದಿನ, ಇವತ್ತು ಯಾವೂರಪ್ಪ ಅಂದೆ. 'ಎಲ್ಗೂ ಹೋಗ್ಲಿಲ್ಲ ಕಣಕ್ಕ' ಅಂದ. ಅವತ್ತೊಂದಿನ ಹಂಗಂದಿದ್ದು."

"ಅವತ್ತು ಟೆಸ್ಟ್ ಕೆಟ್ಟೋಯ್ತು ಅಕ್ಕ. ಅದಕ್ಕೆ."

"ಕೆಟ್ಟಿದ್ದನ್ನ ಹೋಗ್ಬಂದೆ ಅನ್ನಲಿಲ್ಲ ನೋಡು." ತಿಮ್ಮಮ್ಮನ ಬಾಯಿಯ ಪಕ್ಕದ ಸುಕ್ಕು ನಗುವಿನಂತೆ ಒಂದು ಸಲ ಅಲುಗಿತು. ಆಮೇಲೆ ತಲೆಯೆತ್ತಿ, ಬೆಳಗಿನಿಂದ ಇಲ್ಲದಿದ್ದ ದನಿಯಲ್ಲಿ ಕರೆದಳು. "ನರಸಯ್ಯ, ಆ ಮೊಳೆಯ ನಿಮ್ಮನೆಗೇ ತಗಂಡೋಗು. ಇವನು ಒದ್ದಾಡ್ತಿರ್ಲಿಲ್ಲ. ಕೆಲಸ ಮಾಡ್ತಿದ್ದ."

"ಸಾಯೋ ಹೊತ್ನಲ್ಲಿ ಯಾರಾದ್ರೂ ಕೆಲಸ ಮಾಡ್ತಾರಾ ತಿಮ್ಮಕ್ಕ?"

"ನಮ್ಮಪ್ಪ ಪ್ರಾಣ ಬುಡುವಾಗ ಹುರ್ರೋ ಅಂತ ಕುರಿ ಕರೀತಿರ್ಲಿಲ್ವಾ? ನೀನೇ ಅಲ್ವಾ ಬಾಯಿಗೆ ನೀರು ಬುಟ್ಟಿದ್ದು? ಅವನಿಗೆ ಮೊಳೆ ಹೊಡೆದ್ಯಾ?"

ನರಸಯ್ಯ ಗಂಗರಾಜುವಿನ ಕಡೆ ತಿರುಗಿದ. ಗಂಗರಾಜು ಬೇರೆ ಕಡೆ ಮುಖ ಮಾಡಿಕೊಂಡು ಚಟ್ಟದ ಹಗ್ಗ ಎಳೆಯತೊಡಗಿದ್ದ.

ಕುರಿದೊಡ್ಡಿಯ ಹಿಂದಿನ ಹೊಲದಲ್ಲಿ ಗುಂಡಿ ತೆಗೆದಿದ್ದರು. ಹೆಂಗಸರೂ ಹೋದರು. ಮಮತಾ ಎಲ್ಲರ ಹಿಂದೆ, ನೇಗಿಲ ಸಾಲು ದಾಟುತ್ತ ನಡೆದಳು. ಅಲ್ಲಿ ಅವಳಿಗೆ ನಿಲ್ಲಲು ಇಂಥದೇ ಎಂಬ ಜಾಗವಿರಲಿಲ್ಲ. ಅಕ್ಕ ತಂಗಿಯರ ಸಾಲು ಬೇರೆ, ನೆಂಟರ ಸಾಲು ಬೇರೆ. ಚಟ್ಟ ಇಳಿಸಿದ ಮೇಲೆ ತಿಮ್ಮಮ್ಮ ಸುತ್ತ ಹುಡುಕಿ ನೋಡಿ, ಕೈಸನ್ನೆ ಮಾಡಿ ಅವಳನ್ನು ಗುಂಡಿಯ ಅಂಚಿಗೆ ಕರೆಸಿಕೊಂಡಳು.

"ಅವತ್ತು ಕೆಟ್ಟೋಗಿದ್ದು ಯಾವೂರು?"

"ತಿಪಟೂರು ಅಕ್ಕ."

"ಅದನ್ನೇ ಯೋಳು. ದಿನಾ ಯೋಳ್ತಿದ್ದಂಗೇ ಯೋಳು. ಇಲ್ದಿದ್ರೆ ಹೊರಡಾಕಿಲ್ಲ ಅವನು."

ಭಜನೆ ನಿಂತಿತ್ತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನಿಸಿತು. ಮೈಕಿಲ್ಲದೆ ಆತನನ್ನು ಮಾತಾಡಿಸಿ ಅಭ್ಯಾಸವಿರಲಿಲ್ಲ. ಎಷ್ಟು ಜೋರಾಗಿ ಹೇಳಬೇಕೋ ತಿಳಿಯದೆ ಅವಳು ಬಗ್ಗಿದಳು.

"ಇವತ್ತು ತಿಪಟೂರು, ಲಿಂಗಣ್ಣ."

ನರಸಯ್ಯ ಕಾಲಿನ ಕಡೆ ಕೂತು ಕುಡುಗೋಲಿನ ತುದಿಯಿಂದ ದಾರ ಕೊಯ್ದ. ಬಹಳ ಸುತ್ತುಗಳಿದ್ದವು, ಹೊತ್ತು ಹಿಡಿಯಿತು. ಕಡೆಯ ಎಳೆ ಬಿಟ್ಟಾಗ ಎಡಗಾಲು ಇದ್ದಂತೆಯೇ ಇತ್ತು. ಬಲಗಾಲು ಮಾತ್ರ ಹಿಮ್ಮಡಿಯ ಮೇಲೆ ಒಂದಿಷ್ಟು ಹೊರಕ್ಕೆ ವಾಲಿತು. ನರಸಯ್ಯ ಅದನ್ನು ಹಿಡಿದು ನೇರ ಮಾಡಿ ಕೈ ತೆಗೆದ. ಅದು ಮತ್ತೆ ವಾಲಿತು. ಎರಡನೆಯ ಸಲ ಅವನು ಅದನ್ನು ಮುಟ್ಟಲಿಲ್ಲ.